ಹನ್ನೊಂದನೆಯ ಅಧ್ಯಾಯದ ಮುದುಕಿ

ಸೇಡಂ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮೊದಲ ಪಾಠದ ಗಂಟೆ ಹೊಡೆಯುವುದಕ್ಕೆ ಇನ್ನೂ ಹೊತ್ತಿರುವಾಗ, ಎದುರಿಗಿದ್ದ ಹಸ್ತಪ್ರತಿಯ ಮೇಲೆ ಬಾಗಿ ಕೂತಿದ್ದ ದಾನಮ್ಮ ‘ಹೂಂ’ ಅಂದಳು. ಅಂದದ್ದು ಅವಳಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದ ಉರ್ದು ವಿಭಾಗದ ನೂರಜಹಾನ್ ತಲೆಯೆತ್ತಿ ನೋಡಿದಳು.

“ಯಾರಿಗಿ ಹೂಂ ಅನ್ಲಿಕತ್ತೀರಿ ಮೇಡಂ? ನಾ ಏನೂ ಕೇಳಿಲ್ಲಲ್ಲ.”

“ಏನಿಲ್ಲರಿ. ಓದ್ಲಿಕತ್ತಿದ್ದೆ.”

“ಓದುವಾಗ ಹೂಂ ಅನ್ನೋರು ಒಂದು ಮುದುಕರು, ಇಲ್ಲಂದ್ರ ಹೊಸದಾಗಿ ಲಗ್ನ ಗೊತ್ತಾದೋರು. ನೀವು ಎರಡೂ ಅಲ್ಲ. ಜ್ವರಾ ಗಿರಾ ಬಂದಾವೇನು ನೋಡ್ರಿ.”

ದಾನಮ್ಮ ನಕ್ಕಳು. ನಗುವಾಗ ತುಟಿ ಒಣಗಿ ಅಂಟಿಕೊಂಡಿರುವುದು ಗೊತ್ತಾಯಿತು. ಎಷ್ಟು ವರ್ಷವಾಯಿತು ಆ ಶಬ್ದ ತನ್ನ ಬಾಯಿಂದ ಹೊರಬಿದ್ದು. ದಂಡೋತಿಯ ಮನೆಯ ಪಡಸಾಲೆಯಲ್ಲಿ ಅಪ್ಪನ ತಾಯಿ, ಆಯಿ ಅಮೃತಮ್ಮ, ಕತೆ ಹೇಳುವಾಗ ಪ್ರತಿ ಮಾತಿಗೂ ಹೂಂ ಅನ್ನಬೇಕಿತ್ತು. ಹೂಂ ತಪ್ಪಿದರೆ ಕತೆ ತಪ್ಪಿದ ಹಾಗೆ, ಒಳಗಿನ ಮಂದಿಯೆಲ್ಲ ಅರ್ಧ ಸೇದಿದ ಕೊಡದಂತೆ ಬಾವಿಯ ನಡುವೆ ತೂಗಾಡುತ್ತ ಉಳಿಯುತ್ತಾರೆ ಎಂದು ಆಯಿ ಹೆದರಿಸುತ್ತಿದ್ದಳು. ನಿದ್ದೆಗಣ್ಣಿನಲ್ಲೂ ಹೂಂ, ತುತ್ತು ಬಾಯಲ್ಲಿದ್ದರೂ ಹೂಂ. ಆಮೇಲೆ ಆಯಿ ಹೋದಳು, ದಾನಮ್ಮ ಎಂ.ಎ. ಮಾಡಿದಳು, ಹೂಂ ಅನ್ನುವ ಅಭ್ಯಾಸ ಹೋಗಿ ‘ಇದಕ್ಕೆ ಆಧಾರ ಏನು?’ ಎಂದು ಕೇಳುವ ಅಭ್ಯಾಸ ಬಂತು. ಈಗ ಮುಂದಿರುವ ಈ ನಾನೂರು ಪುಟಗಳನ್ನು ಅವಳಿಗೆ ಕಳಿಸಿದ್ದೂ ಅದನ್ನೇ ಕೇಳಲಿಕ್ಕೆ. ‘ಸಕ್ಕರೆ ನಡುಗಡ್ಡೆಗಳು: ಒಂದು ಚರಿತ್ರೆ’. ಕೆರಿಬಿಯನ್ ಕಡಲಿನ ದ್ವೀಪಗಳನ್ನು ಯುರೋಪಿನವರು ಹಿಡಿದದ್ದು, ಆಫ್ರಿಕಾದಿಂದ ಮನುಷ್ಯರನ್ನು ಸಂಕೋಲೆ ಹಾಕಿ ತಂದು ಕಬ್ಬು ಕಡಿಸಿದ್ದು, ಗುಲಾಮಗಿರಿ ಕಾನೂನಿನಿಂದ ರದ್ದಾದ ಮೇಲೆ ಕಲ್ಕತ್ತಾ, ಮದ್ರಾಸಿನ ಬಂದರುಗಳಿಂದ ನಮ್ಮವರನ್ನು ಕರಾರು ಬರೆಸಿಕೊಂಡು ಒಯ್ದದ್ದು. ಶಹಾಬಾದಿನ ಒಂದು ಪ್ರಕಾಶನ ಸಮಿತಿ ವರ್ಷಕ್ಕೊಂದು ಇತಿಹಾಸದ ಪುಸ್ತಕ ಅಚ್ಚು ಹಾಕಿಸಿ ಸುತ್ತಲಿನ ತಾಲೂಕುಗಳ ಕಾಲೇಜಿಗೆಲ್ಲ ಕಳಿಸುತ್ತದೆ. ಮೂವರು ಓದಿ ಅಭಿಪ್ರಾಯ ಕೊಡಬೇಕು. ಒಬ್ಬರು ಅಚ್ಚಾಗಲಿ ಅಂದಿದ್ದರು. ಇನ್ನೊಬ್ಬರು, ನಿವೃತ್ತ ಪ್ರಾಚಾರ್ಯ ಸಂಗಮೇಶ್ವರ ಅವರು, ಬೇಡ ಅಂದಿದ್ದರು. ಮೂರನೆಯವಳು ದಾನಮ್ಮ. ಅಭಿಪ್ರಾಯ ಪತ್ರದಲ್ಲಿ ಒಂದೇ ಪ್ರಶ್ನೆ: ಇದನ್ನು ಇತಿಹಾಸ ಗ್ರಂಥವೆಂದು ಒಪ್ಪಬಹುದೆ? ಇವತ್ತು ನಾಲ್ಕು ಗಂಟೆಗೆ ಶಹಾಬಾದಿನಲ್ಲಿ ಅವಳು ಹೌದೋ ಅಲ್ಲವೋ ಹೇಳಿಬಿಡಬೇಕು.

ಲೇಖಕರ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಕಳಿಸಿದ್ದರು. ಆದರೆ ನಕಾಶೆಗಳನ್ನು ಏನು ಮಾಡಲಿಕ್ಕಾಗುತ್ತದೆ? ಕಡಲಂಚಿಗೆ ಎರಡೆರಡು ಗೆರೆ, ಒಳಗೆರೆಗೆ ನೀಲಿ ಪೆನ್ಸಿಲ್ಲಿನ ಉಜ್ಜು. ದಂಡೋತಿಯ ಶಾಲೆಯ ಗೋಡೆಯ ಮೇಲೆ ಏಳನೇ ಇಯತ್ತೆಯಲ್ಲಿ ಅವಳು ದಿನಾ ನೋಡಿದ ಕಡಲು ಅದೇ. ರೇವಣಸಿದ್ದಯ್ಯ ಸರ್ ಅವರ ಕಡಲು. ಕಾಗಿಣಾ ಹೊಳೆಯಾಚೆ ದಾಟದ ಮಕ್ಕಳಿಗೆ ಅವರು ಭೂಮಿಯ ಇನ್ನೊಂದು ಮಗ್ಗುಲಿನ ದ್ವೀಪಗಳ ಹೆಸರು ಬಾಯಿಪಾಠ ಮಾಡಿಸುತ್ತಿದ್ದರು. ‘ಕುರುಬರ ಹುಡುಗಿಗೆ ಇತಿಹಾಸ ಓದಿಸ್ರಿ, ಕುರಿ ಹಿಂದ ಕಳಿಸಬ್ಯಾಡ್ರಿ’ ಎಂದು ಅಪ್ಪನಿಗೆ ಹೇಳಿದವರು ಅವರು. ಹಾಗಾಗಿ ಈ ಪುಸ್ತಕವನ್ನು ಹತ್ತು ಅಧ್ಯಾಯದ ತನಕ ದಾನಮ್ಮ ಹೆಮ್ಮೆಯಿಂದ, ಆದರೆ ಹೆಮ್ಮೆ ಕಣ್ಣಿಗೆ ಕಟ್ಟಬಾರದೆಂದು ಪೆನ್ಸಿಲ್ ಚೂಪು ಮಾಡಿಕೊಂಡು ಓದಿದ್ದಳು. ತೋಟದ ಮಾಲೀಕರ ಪಟ್ಟಿಗಳಲ್ಲಿ ಹೋರಿ, ಕುದುರೆಗಳ ಪಕ್ಕದಲ್ಲೇ ಮನುಷ್ಯರನ್ನು ಬರೆದದ್ದು, ವಯಸ್ಸು, ಗಾಯ, ‘ಕೆಲಸಕ್ಕೆ ಬಾರದು’ ಎಂಬ ಷರಾ. ಹಡಗಿನಲ್ಲಿ ಸತ್ತವರಿಗೆ ಬರೀ ಅಂಕಿ. ಎಲ್ಲಕ್ಕೂ ಆಧಾರವಿತ್ತು, ಪುಟಸಂಖ್ಯೆ ಇತ್ತು. ಹನ್ನೊಂದನೆಯದಕ್ಕೆ ಮಾತ್ರ ಏನೂ ಇರಲಿಲ್ಲ. ‘ಒಬ್ಬ ಮುದುಕಿಯ ಹೇಳಿಕೆ’ ಎಂಬ ತಲೆಬರಹ, ಕೆಳಗೆ ‘ಒಂದು ತೋಟದಲ್ಲಿ ದುಡಿದ ವೃದ್ಧೆ ಹೇಳಿದ್ದು’ ಎಂಬ ಅಡಿಟಿಪ್ಪಣಿ. ಯಾವ ದ್ವೀಪ, ಯಾವ ಇಸವಿ, ಯಾರು ಬರೆದುಕೊಂಡರು, ಇಲ್ಲ. ಮೂರು ವಾರದ ಹಿಂದೆ ಮೊದಲ ಸಲ ಓದಿದಾಗ ಅವಳು ಅಂಚಿನಲ್ಲಿ ಎರಡು ಪ್ರಶ್ನೆಚಿಹ್ನೆ ಹಾಕಿದ್ದಳು. ‘ಬೆಳಿಗ್ಗೆ ಹೆಬ್ಬೆರಳಿನ ತುದಿಗೆ ಸಾಸಿವೆಯಷ್ಟು ಅಫೀಮು ಹಚ್ಚಿ ಕೂಸಿಗೆ ನೆಕ್ಕಿಸಿದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಅತ್ತರೆ ಮೇಲಿನವನು ಕೆಲಸ ಬಿಡಿಸುತ್ತಿದ್ದ. ನಿಲ್ಲಿಸಿದ ಕಲ್ಲಿನ ನೆರಳಿಗೆ ಮಲಗಿಸಿ, ಕಣ್ಣ ಮೇಲೆ ಎಕ್ಕೆಯ ಎಲೆ ಇಟ್ಟೆ’ ಎಂಬಲ್ಲಿ, ‘ಕಬ್ಬಿನ ಹೊಲದಲ್ಲಿ ನಿಲ್ಲಿಸಿದ ಕಲ್ಲು?’ ಎಂದೂ ಬರೆದಿದ್ದಳು. ಇವತ್ತು ಕೊನೆಯ ಸಲ ಕಣ್ಣಾಡಿಸುವಾಗ ಅದರ ಮುಂದಿನ ಸಾಲು ಬಂತು. ‘ಹೊತ್ತು ಇಳಿದಂತೆ ಹಾಲು ತುಂಬಿ ಎದೆ ಕಟ್ಟಿತು. ಎದೆಗೆ ಹೊತ್ತು ಗೊತ್ತಾಯಿತು, ಕೂಸಿಗೆ ಗೊತ್ತಾಗಲಿಲ್ಲ.’

ಆ ಸಾಲಿಗೇ ಅವಳು ಹೂಂ ಅಂದದ್ದು.

ಪಾಠ ಹೇಗೆ ಮಾಡಿದಳೋ. ಹಲಗೆಯ ಮೇಲೆ ‘ಪ್ರಾಥಮಿಕ ಆಕರಗಳು’ ಎಂದು ಬರೆದು ಒಂದು, ಎರಡು, ಮೂರು ಹಾಕಿದ ನೆನಪಿದೆ. ಹನ್ನೊಂದರ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ಪಕ್ಕ ಕೂತಾಗಲೂ ಬೆರಳಿಗೆ ಸುಣ್ಣದ ಕಡ್ಡಿಯ ಪುಡಿ ಇತ್ತು. ಮಳಖೇಡ ರೋಡ್ ದಾಟಿತು. ತೊಗರಿ ಕಿತ್ತ ಹೊಲಗಳು, ಕರಿ ನೆಲದಲ್ಲಿ ಕಡ್ಡಿ ಕಡ್ಡಿ. ಗಾಡಿಯ ಸದ್ದಿನೊಳಗೆ ಆಯಿಯ ದನಿ ತನ್ನಷ್ಟಕ್ಕೆ ತಾನೇ ನಡೆದಿತ್ತು. ಒಂದು ಊರಾಗ ಒಬ್ಬ ರಾಜ ಇದ್ದ, ಹೂಂ, ಅವನದೊಂದು ಕಲ್ಲಿನ ಖಣಿ ಇತ್ತು, ಹೂಂ, ಅಲ್ಲಿ ಒಬ್ಬಾಕಿ ಕಲ್ಲಚೂರು ಹೊರತಿದ್ಲು, ಹೂಂ, ಆಕಿಗೊಂದು ನಿದ್ದಿ ಕೂಸು ಇತ್ತು. ನಿದ್ದೆ ಕೂಸಿನ ಕತೆ. ಅದರಲ್ಲೂ ಅದೇ ಹೆಬ್ಬೆರಳು, ಅದೇ ಎಕ್ಕೆಯ ಎಲೆ, ಎದೆಗೆ ಹೊತ್ತು ಗೊತ್ತಾಯಿತೆಂಬ ಅದೇ ಮಾತು. ಕೆಲಸ ಮಾಡಿಸುವ ಮುಕಾದಮ ಹೊತ್ತು ಮುಳುಗುವ ತನಕ ಬಿಡಲಿಲ್ಲವೆಂದು ಅವಳು ಸತ್ತ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಜೋಗುಳ ಹಾಡುತ್ತಲೇ ಸಂಜೆ ತನಕ ಕಲ್ಲು ಹೊತ್ತಳು. ಕಟ್ಟು ಬಿಚ್ಚಿದಾಗ ಅದರೊಳಗಿಂದ ಬೆಳವದ ಹಕ್ಕಿ ಹಾರಿಹೋಯಿತು. ಸಣ್ಣ ದಾನಮ್ಮ ಆ ಹಕ್ಕಿಗಾಗಿ ಕಾಯುತ್ತಿದ್ದಳು. ಹಕ್ಕಿ ಹಾರುವಾಗ ಚಪ್ಪಾಳೆ ತಟ್ಟುತ್ತಿದ್ದಳು. ಆಯಿ ಅವಳ ಎರಡೂ ಕೈ ಹಿಡಿದು ಕೆಳಗಿಳಿಸಿ, ಮತ್ತೆ ಬೇಳೆ ಆರಿಸಲು ಕೂಡುತ್ತಿದ್ದಳು.

ಬೇಳೆ ಆರಿಸಲು. ಅಂದರೆ ಹಗಲು. ದಾನಮ್ಮ ಕಿಟಕಿಯ ಸರಳು ಹಿಡಿದಳು. ಆಯಿ ಹಗಲು ಹೊತ್ತಿನಲ್ಲಿ ಕತೆ ಹೇಳುತ್ತಿರಲಿಲ್ಲ. ಹಗಲ ಕತೆ ಹೇಳಿದರೆ ದಾರಿ ಹೋಗುವವರು ದಾರಿ ತಪ್ಪುತ್ತಾರೆ, ಯಾರದೋ ಮಗ ಮನೆ ಮುಟ್ಟುವುದಿಲ್ಲ, ಆ ಪಾಪ ಹೇಳಿದವರಿಗೆ. ಏಳು ಮಲ್ಲಿಗೆ ತೂಕದ ರಾಣಿ, ಮೊಸಳೆಯ ಮದುವೆ, ಕುರಿ ಕಾಯುವ ಬೀರೇಶ, ಎಲ್ಲವೂ ದೀಪ ಹಚ್ಚಿದ ಮೇಲೆ. ಇದೊಂದನ್ನು ಮಾತ್ರ ಬಿಸಿಲು ನೆತ್ತಿಗೆ ಬಂದಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ. ‘ಆಯಿ, ಹಗಲಿನಾಗ ಕತಿ ಹೇಳಬಾರದಂತ ನೀನೇ ಅಂತಿ’ ಎಂದು ತಾನು ತಕರಾರು ತೆಗೆದದ್ದೂ, ‘ಇದು ಕತಿ ಅಲ್ಲ ಬಿಡು, ಹೂಂ ಅನ್ನು’ ಎಂದು ಆಯಿ ಅಂದದ್ದೂ ಈಗ ಅಷ್ಟಷ್ಟೂ ಕೇಳಿಸಿತು. ಕತೆ ಅಲ್ಲ ಎಂದು ಬಾಯಿಬಿಟ್ಟು ಹೇಳಿದ್ದಳು. ಹುಡುಗಿ ಅದನ್ನು ಮುದುಕಿಯ ಉಪಾಯ ಅಂದುಕೊಂಡಿದ್ದಳು, ಹಗಲು ಕತೆ ಹೇಳಿದ ಪಾಪ ತಪ್ಪಿಸಿಕೊಳ್ಳುವ ಉಪಾಯ. ದೊಡ್ಡವಳಾದ ಮೇಲೂ ತಿರುಗಿ ನೋಡಲಿಲ್ಲ. ಕಲಬುರಗಿಯ ಸೆಮಿನಾರಿನಲ್ಲಿ ಯಾರೋ ಹುಡುಗಿ ತನ್ನ ಪ್ರಬಂಧದಲ್ಲಿ ಅಜ್ಜಿ ಹೇಳಿದ್ದನ್ನು ಸೇರಿಸಿದಾಗ ವೇದಿಕೆಯ ಮೇಲಿದ್ದವರು, ‘ಅಜ್ಜಿ ಕತಿಗಿ ರಟ್ಟು ಹಾಕಿದ್ರ ಇತಿಹಾಸ ಆಗಂಗಿಲ್ಲಮ್ಮ’ ಅಂದಿದ್ದರು. ಸಭೆಯೆಲ್ಲ ನಕ್ಕಿತ್ತು. ದಾನಮ್ಮ ಎರಡನೇ ಸಾಲಿನಲ್ಲಿದ್ದಳು, ತನ್ನ ಸರದಿಗೆ ಕಾಯುತ್ತ. ನಕ್ಕಿದ್ದಳು, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

ಚಿತ್ತಾಪುರ ಬಂದಾಗ ಇಳಿಯಬಾರದೆಂದುಕೊಂಡಿದ್ದಳು. ಪುಸ್ತಕ ಓದಿ ತೀರ್ಪು ಕೊಡುವವರು ಬರೆದವರ ಮನೆಗೆ ಹೋಗಬಾರದು. ಗಾಡಿ ಬಿಡುವ ಹೊತ್ತಿಗೆ ಪ್ಲಾಟ್‌ಫಾರ್ಮಿನ ಮೇಲಿದ್ದಳು.

ಸರ್ ಈಗ ಮಗಳು ಭಾಗ್ಯಶ್ರೀಯ ಮನೆಯಲ್ಲಿದ್ದರು. ಕಣ್ಣಿನ ನರ ಒಣಗುವ ರೋಗ. ಎದುರಿಗಿದ್ದದ್ದು ಕಾಣದು, ಮಗ್ಗುಲಲ್ಲಿ ಮಾತ್ರ ಸ್ವಲ್ಪ ಬೆಳಕು. ಅಂಗಳದ ಹೊರಸು ಮಂಚದ ಮೇಲೆ ವಿಭೂತಿ ಹಣೆಯ ಎಪ್ಪತ್ತೆರಡರ ಮುದುಕ ಮುಖ ಓರೆ ಮಾಡಿ, ಕೋಳಿ ನೋಡಿದಂತೆ ಅವಳನ್ನು ನೋಡಿದರು.

“ಬರ್ರಿ ಮೇಡಂ, ಬರ್ರಿ. ಕುಂದ್ರಿ. ನೀ ಇವತ್ತ ಬರ್ತೀ ಅಂತ ಗೊತ್ತಿತ್ತು.”

“ಹೆಂಗ ಗೊತ್ತಾಯ್ತರಿ ಸರ್?”

“ಶಹಾಬಾದಿನ ಸಮಿತಿ ಸೆಕ್ರೆಟರಿ, ಆ ಮಹೇಶಕುಮಾರನ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ. ಯಾರು ಓದ್ಲಿಕತ್ತಾರ ಅಂತ ಹೇಳಬಾರದು ಸರ್ ಅಂತ ಫೋನ್ ಮಾಡಿ, ನಿನ್ನ ಹೆಸರು ಹೇಳಿಟ್ಟ.” ನಕ್ಕರು. “ಭಾಗೀ, ಚಾ ಇಡವ್ವ. ಪರೀಕ್ಷಾ ಮಾಡೋರು ಬಂದಾರ, ಸಕ್ರಿ ಜಾಸ್ತಿ ಹಾಕು.”

ಒಳಗಿನಿಂದ ಭಾಗ್ಯಶ್ರೀ, “ನಾನೂರು ಹಾಳಿ ಟೈಪ್ ಮಾಡಿದಾಕಿ ನಾನು, ನನಗೂ ಒಂದಿಷ್ಟು ಮಾರ್ಕ್ಸ್ ಹಾಕು ದಾನೀ” ಅಂದಳು.

ದಾನಮ್ಮನಿಗೆ ಚೀಲದೊಳಗಿನ ಹಸ್ತಪ್ರತಿ ತೊಡೆಯ ಮೇಲೆ ಭಾರವಾಯಿತು. ಎಷ್ಟು ಸುತ್ತಿ ಬಳಸಿ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಮರೆತು, “ಹನ್ನೊಂದನೇ ಅಧ್ಯಾಯದ ಮುದುಕಿ ಯಾರ್ರಿ ಸರ್?” ಎಂದುಬಿಟ್ಟಳು.

ಸರ್ ತಮ್ಮ ಎರಡೂ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡರು. “ಗೊತ್ತಿದ್ದೇ ಕೇಳ್ತಿ.”

“ನಿಮ್ಮ ಬಾಯಿಂದ ಕೇಳಬೇಕು.”

“ಜನಗಣತಿ ಬಂದಿತ್ತು. ಎರಡು ಸಾವಿರದ ಹನ್ನೊಂದು. ಮಾಸ್ತರಮಂದಿಗೇ ಹಚ್ಚತಿದ್ರಲ್ಲ ಮನಿಮನಿ ತಿರಗಾಕ. ನಿಮ್ಮ ಮನ್ಯಾಗ ನಿಮ್ಮಾಯಿ ಒಬ್ಬಾಕೀನೇ ಇದ್ಲು, ನೀ ಸಾಲಿಗಿ ಹೋಗಿದ್ದಿ. ಫಾರ್ಮಿನಾಗ ಒಂದು ಪ್ರಶ್ನೆ ಇರ್ತದ, ಹೆಣ್ಣುಮಕ್ಕಳಿಗಿ ಕೇಳೋದು. ಹುಟ್ಟಿದ ಮಕ್ಕಳೆಷ್ಟು, ಈಗ ಇದ್ದೋರೆಷ್ಟು. ನಾ ಕೇಳಿದೆ. ನಿಮ್ಮಾಯಿ ಅಂದ್ಲು, ಮಾಸ್ತರ್, ಕಾಗದ ಮಗ್ಗಲಿಗಿ ಇಡ್ರಿ, ಹೇಳ್ತೀನಿ. ಎಲ್ಲಾ ಹೇಳಿದ್ಲು. ನಿಂಗ ಹೇಳತಿದ್ಲಲ್ಲ, ಅದೇ. ರಾಜ ಇರಲಿಲ್ಲ ಅದರಾಗ. ಹಕ್ಕಿ ಇರಲಿಲ್ಲ.”

“ಫಾರ್ಮಿನಾಗ ಏನು ಬರದ್ರಿ?”

“ಹುಟ್ಟಿದ್ದು ಒಂದು, ಇದ್ದದ್ದು ಒಂದು. ಆಕಿ ಹಂಗೇ ಬರೀರಿ ಅಂದ್ಲು. ನಾನೇ ನನ್ನ ಕೈಲಿ ಬರದೀನಿ. ಸರಕಾರದ ಕಾಗದ ಅದು, ನೀವೆಲ್ಲ ಆಕರ ಅಂತೀರಲ್ಲ, ಅದು. ಸುಳ್ಳು.”

ಚಹಾ ಬಂತು. ದಾನಮ್ಮ ಲೋಟ ಹಿಡಿದು ಕೂತಳು. ಆ ಮಧ್ಯಾಹ್ನ ತಾನು ಶಾಲೆಯಿಂದ ಬಂದಾಗ ಆಯಿ ಬಾಗಿಲಲ್ಲೇ ಕೂತಿದ್ದಳಲ್ಲವೆ, ಬಾಗಿಲಿಗೆ ಮನೆ ನಂಬರು ಬರೆದಿತ್ತಲ್ಲವೆ. ನೆನಪಿದೆಯೋ ಈಗ ಕಟ್ಟಿಕೊಳ್ಳುತ್ತಿದ್ದೇನೋ ತಿಳಿಯಲಿಲ್ಲ.

“ಖಣಿದಾಗ ಆದದ್ದು ನೀವು ಕಬ್ಬಿನ ಹೊಲದಾಗ ಯಾಕ ಇಟ್ರಿ ಸರ್?”

“ಆಕೀನೇ ಹೇಳಿದ್ಲು. ಬರೀಬೇಕನಸಿದ್ರ ನಮ್ಮೂರ ಹೆಸರು ಹಾಕಬ್ಯಾಡ್ರಿ ಮಾಸ್ತರ್, ಎಲ್ಲ್ಯಾರ ದೂರ ಹಾಕ್ರಿ, ಏಳು ಸಮುದ್ರದ ಆಚಿ. ನಾ ಅಲ್ಲೇ ಇಟ್ಟೆ.” ಮುಖ ಓರೆ ಮಾಡಿ ಅವಳನ್ನು ಹುಡುಕಿದರು. “ಹನ್ನೊಂದು ವರ್ಷ ಬರದೀನಿ ಆ ಪುಸ್ತಕ. ಅಲ್ಲಿ ಹೆಣ್ಣುಮಕ್ಕಳು ಎಲ್ಲಾ ಪಟ್ಟ್ಯಾಗ ಅದಾರ, ಒಬ್ಬಾಕೀದೂ ಮಾತಿಲ್ಲ. ಇಲ್ಲಿ ಮಾತು ಅದ, ಪಟ್ಟಿ ಇಲ್ಲ. ಎರಡೂ ಜೋಡಿಸಿದೆ. ತಪ್ಪೇನು?”

“ಅಲ್ಲೂ ಕೂಸುಗಳು ಹಂಗ ಸತ್ತಿರಬಹುದು. ಈ ಕೂಸು ಅಲ್ಲಿ ಸತ್ತಿಲ್ಲಲ್ಲರಿ.”

“ಇತಿಹಾಸದಾಗ ಅಷ್ಟು ಫರಕ್ ಬೀಳ್ತದೇನು, ಒಂದು ಕೂಸಿಗಿ?”

ಅವಳಿಗೆ ಸಿಟ್ಟು ಬಂತು. ಅದು ಇಷ್ಟು ಹಳೆಯ ಸಿಟ್ಟೆಂದು, ಇಷ್ಟು ದಿನ ಇವರ ಮುಂದೆ ಕೈ ಕಟ್ಟಿ ನಿಂತಾಗಲೆಲ್ಲ ಕಾಲ ಕೆಳಗೇ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ.

“ನಮ್ಮಾಯಿ ಮಾತು ಒಯ್ದು ನೀವು ಅಲ್ಲಿ ದುಡಿಯಾಕ ಹಚ್ಚಿದ್ರಿ ಸರ್. ಹೆಸರು ತಗದು, ಊರು ತಗದು. ಆ ತೋಟದ ಮಾಲಕರೂ ಹಂಗೇ ಮಾಡತಿದ್ರು. ನೀವೇ ನಾಕನೇ ಅಧ್ಯಾಯದಾಗ ಬರದೀರಿ.”

ಭಾಗ್ಯಶ್ರೀ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋದಳು. ಸರ್ ಹೊರಸಿನ ಪಟ್ಟಿಯನ್ನು ಬೆರಳಿನಿಂದ ತಡವುತ್ತ ಹೇಳಿದರು. “ನೀ ಏನು ಬರೀತಿ ಬರಿ. ನಾ ಕೇಳಂಗಿಲ್ಲ. ಅಚ್ಚಾದದ್ದು ನೋಡಾಕಂತೂ ಕಣ್ಣಿಲ್ಲ, ಹೊಸ ಹಾಳಿದು ವಾಸನಿ ಒಂದು ಸಲ ತಗೋಬೇಕಂತ ಇತ್ತು, ಅಷ್ಟೇ. ಈ ವರ್ಷ ಆದ್ರ ಈ ವರ್ಷ.”

ಮೆಟ್ಟಿಲಿಳಿಯುವಾಗ ಅವಳು ಎಂದಿನಂತೆ ಅವರ ಪಾದ ಮುಟ್ಟಿದಳು. ಅವರು ಎಂದಿನಂತೆ ಹರಸಲು ಕೈಯೆತ್ತಿದರು. ಕೈ ಅವಳ ತಲೆ ಸಿಗದೆ ಗಾಳಿಯಲ್ಲಿ ಒಂದು ಗೇಣು ಆಚೆ ನಿಂತಿತು. ಅವಳು ತಲೆಯನ್ನು ಅಲ್ಲಿಗೆ ಸರಿಸಬಹುದಿತ್ತು. ಸರಿಸಲಿಲ್ಲ.

ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಸಿಮೆಂಟಿನ ಧೂಳು ಕೂತ ಬೇವಿನ ಗಿಡದ ಕೆಳಗೆ ನಿಂತು ದಂಡೋತಿಗೆ ಫೋನ್ ಹಚ್ಚಿದಳು. ಅವ್ವ ಭೀಮಮ್ಮ ಎತ್ತಿದಳು, ಹಿಂದೆ ಕುರಿಮರಿಗಳ ಒದರಾಟ.

“ಅವ್ವಾ, ಅಪ್ಪಗ ತಿಪ್ಪಣ್ಣ ಅಂತ ಯಾಕ ಹೆಸರಿಟ್ರು?”

“ಇದೇನು ಕೇಳ್ತಿ ನಡುಮಧ್ಯಾಹ್ನದಾಗ. ಎಲ್ಲದಿ, ಉಂಡೀ ಇಲ್ಲೋ?”

“ಹೇಳು.”

“ಮೊದಲಿನ ಕೂಸು ಉಳೀಲಿಲ್ಲಂದ್ರ ಅದರ ಬೆನ್ನಿಗಿ ಹುಟ್ಟಿದ್ದು ತಿಪ್ಪಿ ಮ್ಯಾಲ ಇಟ್ಟು ತರ್ತಾರಲ್ಲ. ಕಸ ಅದು, ಯಾರಿಗೂ ಬ್ಯಾಡಾದದ್ದು ಅಂತ ಸಾವಿಗಿ ಅನಸಬೇಕು. ಅದಕ್ಕ ತಿಪ್ಪಣ್ಣ. ಇದು ಯಾರಿಗಿ ಗೊತ್ತಿಲ್ಲ?”

“ನಂಗ ಅಪ್ಪನ ಮುತ್ಯಾನ ಹೆಸರಂತ...”

“ಅವನ ಹೆಸರು ಹಣಮಂತರಾಯ. ಅಷ್ಟು ಓದೀದಿ, ಊರಿಗೆಲ್ಲ ಗೊತ್ತಿದ್ದದ್ದು ನಿನಗೊಬ್ಬಾಕಿಗೇ ಗೊತ್ತಿಲ್ಲ ನೋಡು.” ಅವ್ವ ನಕ್ಕಳು, ನಗು ಅರ್ಧಕ್ಕೆ ನಿಂತಿತು. “ಯಾಕ, ಯಾರು ಏನಂದ್ರು?”

“ಆ ಮೊದಲಿನ ಕೂಸಿಗಿ ಏನಾಗಿತ್ತು?”

“ಮಕ್ಕೊಂಡಿತ್ತಂತ. ಏಳಲಿಲ್ಲಂತ. ಅಷ್ಟೇ ಹೇಳತಿದ್ಲು ನಿಮ್ಮಾಯಿ. ಕೆದಕಿ ಕೇಳೋದು ಹೆಂಗ, ಅತ್ತಿಗಿ?”

ಹತ್ತನೇ ತರಗತಿಯಿಂದ ಇಲ್ಲಿಯ ತನಕ ಎಷ್ಟು ಅರ್ಜಿಗಳಲ್ಲಿ ತಂದೆಯ ಹೆಸರೆಂದು ಬರೆದಿದ್ದಳು. ಆ ಹೆಸರಿನ ಹಳ್ಳಿತನಕ್ಕೆ ಹಾಸ್ಟೆಲಿನಲ್ಲಿ ನಾಚಿ, ಬರೀ ‘ಟಿ’ ಎಂದು ಇಂಗ್ಲಿಷಿನಲ್ಲಿ ಹಾಕಿಕೊಂಡಿದ್ದಳು. ಸತ್ತ ಕೂಸೊಂದು ಅವಳ ಸರ್ಟಿಫಿಕೇಟುಗಳ ಮೇಲೆಲ್ಲ ಕೂತಿತ್ತು, ಮುದ್ರೆಯ ಕೆಳಗೆ, ಸಹಿಯ ಪಕ್ಕ. ಆಕರ ಹುಡುಕುವವಳು ಅದರ ಮೇಲೆ ಕಾಲಿಟ್ಟುಕೊಂಡು ಗ್ರಂಥಾಲಯಗಳಿಗೆ ಹೋಗಿ ಬಂದಿದ್ದಳು. ಗಾಡಿ ಬಂತು. ಹೆಂಗಸೊಬ್ಬಳು ಮಲಗಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದುರಿನ ಸೀಟಿಗೆ ಬಂದಳು. ಕೂಸು ಅಲ್ಲಾಡಲಿಲ್ಲ. ಎರಡು ನಿಮಿಷ, ಐದು ನಿಮಿಷ. ದಾನಮ್ಮ ಅದರ ಬೆನ್ನನ್ನೇ ನೋಡುತ್ತಿದ್ದಳು, ಏಳುತ್ತದೆಯೇ ಇಳಿಯುತ್ತದೆಯೇ ಎಂದು. ಹೆಂಗಸು ಸೆರಗು ಎಳೆದುಕೊಂಡು, “ಯಾಕವ್ವ, ಹಂಗ್ಯಾಕ ನೋಡ್ತಿ, ದಿಟ್ಟಿ ಆದೀತು” ಅಂದಳು. ದಾನಮ್ಮ ತಪ್ಪಾಯಿತೆಂದು ಕಿಟಕಿಗೆ ತಿರುಗಿದಳು. ಕೂಸು ಕೆಮ್ಮಿದ್ದು ಕೇಳಿ ಅವಳಿಗೆ ಕಣ್ಣೀರು ಬಂತು.

ಸಮಿತಿಯ ಕಚೇರಿ ಅಂದರೆ ಕಾರ್ಯದರ್ಶಿ ಮಹೇಶಕುಮಾರನ ಕಲ್ಲು ಪಾಲಿಶ್ ಅಂಗಡಿಯ ಮಗ್ಗುಲಿನ ಕೋಣೆ. ಹೊರಗೆ ಶಹಾಬಾದಿ ಕಲ್ಲಿನ ಹಾಸುಗಳನ್ನು ಒಂದಕ್ಕೊಂದು ಒರಗಿಸಿ ಸಾಲಾಗಿ ನಿಲ್ಲಿಸಿದ್ದರು, ಪ್ರತಿಯೊಂದರ ಬುಡದಲ್ಲಿ ಒಂದೊಂದು ಮೊಳದ ನೆರಳು. ದಾನಮ್ಮ ಆ ನೆರಳುಗಳನ್ನು ತುಳಿಯದೆ, ಬಿಸಿಲಲ್ಲೇ ಸುತ್ತುಹಾಕಿ ಬಾಗಿಲಿಗೆ ಬಂದಳು. ಒಳಗೆ ಮಹೇಶಕುಮಾರ, ಸಂಗಮೇಶ್ವರ ಇಬ್ಬರೇ. ಅಚ್ಚಾಗಲಿ ಅಂದಿದ್ದವರ ಅಭಿಪ್ರಾಯ ಪತ್ರ ಮೇಜಿನ ಮೇಲಿತ್ತು.

“ಬರ್ರಿ ಮೇಡಂ. ನಿಮ್ಮದೊಂದೇ ಬಾಕಿ. ಹೌದಂದ್ರ ನಾಳೆ ಅಚ್ಚಿಗಿ ಹೋಗ್ತದ” ಅಂದ ಮಹೇಶಕುಮಾರ. “ಅಲ್ಲಂದ್ರೂ ನನಗೇನು ಬ್ಯಾಸರಿಲ್ಲ, ಖರೇ. ಮುದುಕರಿಗಿ ಹೇಳೋದೊಂದೇ ಕಷ್ಟ.”

ಅವಳು ನೀರು ಕುಡಿದಳು. ಹೌದು ಎಂದು ಒಂದು ಶಬ್ದ ಬರೆದರೆ ಎಲ್ಲ ತಣ್ಣಗಾಗುತ್ತದೆ. ಆಯಿ ಏಳು ಸಮುದ್ರದಾಚೆ, ತಾನೇ ಕೇಳಿಕೊಂಡ ಜಾಗದಲ್ಲಿ ಇರುತ್ತಾಳೆ. ಸರ್ ಹೊಸ ಹಾಳೆಯನ್ನು ಮೂಗಿಗೆ ಹಿಡಿಯುತ್ತಾರೆ. ಅಪ್ಪ ಕುರಿ ಹೊಡೆದುಕೊಂಡು ಹೋಗುತ್ತಾನೆ, ತಾಯಿಯ ಹೆಬ್ಬೆರಳಿನ ಸುದ್ದಿ ತಿಳಿಯದೆ. ಐದು ತಾಲೂಕಿನ ಮಕ್ಕಳು ಓದಿ ಅಯ್ಯೋ ಅನ್ನುತ್ತಾರೆ, ಅಷ್ಟು ದೂರದವರಿಗೆ. ಇಲ್ಲಿನ ಕಲ್ಲುಗಳ ನೆರಳಿಗೆ ಏನೂ ಅಂಟುವುದಿಲ್ಲ.

“ಹತ್ತು ಅಧ್ಯಾಯ ಇತಿಹಾಸ” ಅಂದಳು. “ಭಾಳ ಛಲೋ ಇತಿಹಾಸ. ಹನ್ನೊಂದನೇದು ಅಲ್ಲ.”

“ನಾ ಇದನ್ನೇ ಅಂದಿದ್ದೆ” ಎಂದು ಸಂಗಮೇಶ್ವರ ಕನ್ನಡಕ ತೆಗೆದರು. “ಕಟ್ಟಿದ ಕತಿ ಅದು.”

“ಕತಿ ಅಲ್ಲರಿ ಅದು.”

ಇಬ್ಬರೂ ನೋಡಿದರು. ಮಹೇಶಕುಮಾರ ಸಮಾಧಾನದ ದನಿಯಲ್ಲಿ, “ಹಂಗಾರ ಒಂದು ಕೆಲಸ ಮಾಡೋಣು. ‘ಕಾಲ್ಪನಿಕ’ ಅಂತ ಒಂದು ಸಾಲು ಮ್ಯಾಲ ಹಾಕೋಣು. ಇವರಿಗೂ ಸರಿ, ಅವರಿಗೂ ಸರಿ. ಈ ವರ್ಷನೇ ಅಚ್ಚಾಗ್ತದ. ವಾಪಸ್ ಕಳಸಿದ್ರ ನಿಯಮ ಗೊತ್ತದಲ್ಲ, ಮತ್ತ ಮುಂದಿನ ವರ್ಷದ ಸಮಿತಿ ಮುಂದೇ ಬರಬೇಕು.”

“ಕಾಲ್ಪನಿಕ ಅಂತ ಹಾಕಬ್ಯಾಡ್ರಿ.”

“ಇತಿಹಾಸ ಅಲ್ಲ ಅಂತೀರಿ, ಕಾಲ್ಪನಿಕ ಅಲ್ಲ ಅಂತೀರಿ. ಮತ್ತ ಏನಂತ ಹಾಕಬೇಕ್ರಿ?”

“ಆ ನಡುಗಡ್ಡೀದಲ್ಲ ಅದು. ಇಲ್ಲೀದು. ಖಣಿದಾಗ ಆದದ್ದು.”

“ಯಾರ ಖಣಿದಾಗ?” ಮಹೇಶಕುಮಾರನ ಬೆನ್ನು ನೆಟ್ಟಗಾಯಿತು. ಅವನ ಅಜ್ಜಂದಿರೂ ಕಲ್ಲಿನ ವ್ಯಾಪಾರದವರೇ.

“ಗೊತ್ತಿಲ್ಲರಿ. ಆಕಿ ರಾಜಂದು ಅಂತಿದ್ಲು.”

“ಆಕಿ ಅಂದ್ರ ಯಾರು? ನೋಡ್ರಿ ಮೇಡಂ, ನೀವು ಆಧಾರ ಕೇಳೋರು, ನಿಮ್ಮ ಹತ್ರ ಆಧಾರ ಏನದ?”

ಹೆಸರು ಹೇಳಿದರೆ ತಿರುಗಿ ಬರುವುದಕ್ಕೆ ಆಗುವುದಿಲ್ಲ. ಸಾಯುವ ಮುಂಚೆ ಕೊನೆಯ ಬೇಸಿಗೆಯಲ್ಲೂ ಆಯಿ ಆ ಕತೆ ಹೇಳಿದ್ದಳು. ಕಾಲೇಜಿಗೆ ಹೋಗುವ ದಾನಮ್ಮ ಮೊಬೈಲ್ ನೋಡುತ್ತ ಹೂಂ ಅನ್ನುತ್ತಿದ್ದಳು. ಮಾಸ್ತರರಿಗೆ ಊರ ಹೆಸರು ಬೇಡ ಅಂದವಳು ಮೊಮ್ಮಗಳಿಗೆ ವರ್ಷ ವರ್ಷವೂ ಹೇಳಿದ್ದು ಯಾಕೆ? ಬಚ್ಚಿಡುವುದಕ್ಕೋ, ಕೊಡುವುದಕ್ಕೋ? ತಾನು ಈಗ ಮಾಡುತ್ತಿರುವುದು ಅವಳ ಮಾತನ್ನು ಉಳಿಸುವುದೋ ಮುರಿಯುವುದೋ? ಕೇಳಲಿಕ್ಕೆ ಯಾರೂ ಇಲ್ಲ. ಇಬ್ಬರು ಗಂಡಸರು ಕಾಯುತ್ತಿದ್ದರು.

“ನಮ್ಮಾಯಿ” ಅಂದಳು. “ಅಮೃತಮ್ಮ, ದಂಡೋತಿ. ಅಫೀಮು ಹಚ್ಚಿದ್ದು ಆಕೀದೇ ಹೆಬ್ಬಟ್ಟು. ಕೂಸು ಆಕೀದೇ.”

ಹೊರಗೆ ಕಲ್ಲು ಕೊಯ್ಯುವ ಗರಗಸ ಶುರುವಾಗಿ ನಿಂತಿತು. ಸಂಗಮೇಶ್ವರ ಕನ್ನಡಕ ಹಾಕಿಕೊಂಡರು. ಮಹೇಶಕುಮಾರ ಸಮಿತಿಯ ಬಿಳಿ ಹಾಳೆಯೊಂದನ್ನು ಎಳೆದುಕೊಂಡ. ಸಂಗಮೇಶ್ವರರೇ ಮಾತಾಡಿದರು. ದನಿಯಲ್ಲಿ ಗೆದ್ದ ಸದ್ದಿರಲಿಲ್ಲ. “ಪುಸ್ತಕ ವಾಪಸ್ ಹೋಗಲಿ. ಹನ್ನೊಂದನೇದು ಬ್ಯಾರೆ ತಗದು, ಇಲ್ಲೀದಂತ, ಹೇಳಿದೋರ ಹೆಸರು ಹಾಕಿ, ಅನುಬಂಧ ಮಾಡಿ ತರಲಿ. ಮುಂದಿನ ವರ್ಷ ನೋಡೋಣು. ನೀವು ಈಗ ಗೊತ್ತಿದ್ದಷ್ಟು ಬರಸ್ರಿ ಮೇಡಂ. ಬರದಿಟ್ಟದ್ದು ಇರಲಿ.”

ಮುಂದಿನ ವರ್ಷ. ಗಾಳಿಯಲ್ಲಿ ತಲೆ ಸಿಗದೆ ನಿಂತ ಕೈ ಒಮ್ಮೆ ಅವಳ ಕಣ್ಣ ಮುಂದೆ ಬಂದು ಹೋಯಿತು. ಈ ಸುದ್ದಿ ಸರ್‌ಗೆ ತಾನೇ ಹೋಗಿ ಹೇಳಬೇಕು, ಇವತ್ತೇ. ಮಹೇಶಕುಮಾರ ಪೆನ್ನಿನ ಮುಚ್ಚಳ ತೆಗೆದ.

“ಹೇಳಿದೋರು, ಅಮೃತಮ್ಮ. ಊರು, ದಂಡೋತಿ. ಆದ ಜಾಗ?”

“ಶಹಾಬಾದ ಹತ್ರದ ಒಂದು ಖಣಿ.”

ಅವನ ಪೆನ್ನು ಒಂದು ಕ್ಷಣ ತಡೆದು ಬರೆಯಿತು. “ಇಸವಿ?”

“ಗೊತ್ತಿಲ್ಲ. ಪೊಲೀಸ್ ಆಕ್ಷನ್ನಿಗಿಂತ ಮುಂಚೆ, ನಿಜಾಮನ ಕಾಲದಾಗ.”

“ಸತ್ತದ್ದು?”

“ಕೂಸು.”

“ಗಂಡೋ ಹೆಣ್ಣೋ?”

ದಾನಮ್ಮ ಬಾಯಿ ತೆರೆದಳು. ಇಷ್ಟು ವರ್ಷ, ಇಷ್ಟು ಸಲ, ಅದರ ಕಣ್ಣ ಮೇಲಿನ ಎಲೆ ಯಾವುದೆಂದು ಗೊತ್ತು, ಅದನ್ನು ಕಟ್ಟಿದ ಸೀರೆಯ ಅಂಚು ಕೆಂಪೆಂದು ಗೊತ್ತು. ಒಂದು ಸಲವೂ ಕೇಳಿರಲಿಲ್ಲ. ಸರ್ ಕೇಳಿರಲಿಲ್ಲ. ಅವ್ವ ಕೆದಕಿರಲಿಲ್ಲ. ಅಪ್ಪ ಹುಟ್ಟುವ ಮುಂಚೆಯೇ ಅದು ಹೋಗಿತ್ತು.

“ಗೊತ್ತಿಲ್ಲರಿ.”

“ಹೆಸರು ಇಟ್ಟಿದ್ರೇನು?”

“ಇಟ್ಟಿರಬೇಕು. ಆಕಿಗೊಬ್ಬಾಕಿಗೇ ಗೊತ್ತಿತ್ತು.”

“ಹಂಗಾರ ‘ಗೊತ್ತಿಲ್ಲ’ ಅಂತ ಬರೀಲೇನು?”

“ಬ್ಯಾಡ್ರಿ. ಏನೂ ಬರೀಬ್ಯಾಡ್ರಿ. ಜಾಗ ಬಿಡ್ರಿ.”

“ಎಷ್ಟು ಬಿಡ್ಲಿ?”

ಅವಳು ಮುಂದೆ ಬಾಗಿ, ಹಾಳೆಯ ಮೇಲೆ ಬಲ ಅಂಗೈಯನ್ನು ಬೋರಲು ಇಟ್ಟಳು. ಮಹೇಶಕುಮಾರ ಅವಳು ಕೈ ತೆಗೆಯಲಿ ಎಂದು ಕಾದ. ತೆಗೆಯುವುದಿಲ್ಲವೆಂದು ತಿಳಿದ ಮೇಲೆ, ಹಾಳೆಯನ್ನು ಅಲ್ಲಾಡಿಸದೆ, ಅವಳ ಕೈಯಷ್ಟು ಜಾಗ ಬಿಟ್ಟು, ಅದರ ಕೆಳಗಿನಿಂದ ಮುಂದಿನ ಸಾಲು ಬರೆಯಲು ತೊಡಗಿದ.